ಬೇಟೆಯ ಕಾಡು, ಹದದ ಬೆಂಕಿ

ಬೇಸಿಗೆ ಬಲಿಯುವ ಮೊದಲೇ ತರಗೆಲೆಯನ್ನೂ ಒಣಹುಲ್ಲನ್ನೂ ಸಣ್ಣ ಉರಿಯಲ್ಲಿ ಸುಟ್ಟು, ಮುಂದೆ ಬರಬಹುದಾದ ದೊಡ್ಡ ಕಾಡ್ಗಿಚ್ಚಿಗೆ ಉರುವಲು ಉಳಿಯದಂತೆ ಮಾಡುವ ವಿದ್ಯೆ ಹಲವು ದೇಶಗಳಲ್ಲಿ ಬೇಟೆಯ ನೆಲದ ನಿರ್ವಹಣೆಯೊಡನೆಯೇ ಬೆಳೆದಿದೆ. ಸ್ಕಾಟ್ಲೆಂಡಿನಲ್ಲಿ ಗ್ರೌಸ್ ಹಕ್ಕಿಗಾಗಿ ಹೆದರ್ ಪೊದೆಗಳನ್ನು ತುಂಡುತುಂಡಾಗಿ ಸುಡುವ ರೂಢಿಗೆ ಅಲ್ಲಿನ ಸಮಿತಿಯೊಂದರ 1911ರ ವರದಿ ಬೆಂಬಲ ಕೊಟ್ಟಿತು. ಅಮೆರಿಕದ ಜಾರ್ಜಿಯಾ-ಫ್ಲಾರಿಡಾ ಗಡಿಯ ಬೇಟೆ ಎಸ್ಟೇಟುಗಳಲ್ಲಿ ಅಧ್ಯಯನ ನಡೆಸಿದ ಹರ್ಬರ್ಟ್ ಸ್ಟೊಡ್ಡಾರ್ಡ್, ಬೆಂಕಿ ನಿಂತರೆ ನೆಲವೆಲ್ಲ ಪೊದೆ ಮುಚ್ಚಿ ಬಾಬ್‌ವೈಟ್ ಎಂಬ ಲಾವಕ್ಕಿಗೆ ನೆಲೆ ತಪ್ಪುತ್ತದೆಂದು 1931ರ ತನ್ನ ಗ್ರಂಥದಲ್ಲಿ ತೋರಿಸಿದ. ಎರಡೂ ಕಡೆ ನೆಲ, ಕೋವಿ, ಕೊಳ್ಳಿ ಮೂರೂ ಒಂದೇ ವರ್ಗದ ಕೈಯಲ್ಲಿದ್ದವು. ಮೈಸೂರು ಸಂಸ್ಥಾನದಲ್ಲಿ ಹಾಗಿರಲಿಲ್ಲ. ಇಲ್ಲಿ ಬೆಂಕಿಯ ಪರ ವಾದಿಸುವವರೇ ಬಹುಕಾಲ ಇಲ್ಲದೆ ಹೋದದ್ದಕ್ಕೆ ಅದೇ ಮುಖ್ಯ ಕಾರಣವೆನ್ನಬೇಕು.

ಸಂಸ್ಥಾನದ ಅರಣ್ಯ ಇಲಾಖೆ 1864ರಲ್ಲಿ ಹುಟ್ಟಿದಾಗ ಕಮಿಷನರ್ ಆಗಿದ್ದವರು ಬೌರಿಂಗ್. ಬಂಗಾರಪೇಟೆಯನ್ನು ಬಹುಕಾಲ ಬೌರಿಂಗ್‌ಪೇಟೆ ಎನ್ನುತ್ತಿದ್ದುದು ಅವರ ಹೆಸರಿನಿಂದಲೇ. ಅದೇ ದಶಕದಲ್ಲಿ ಮಧ್ಯಪ್ರಾಂತ್ಯದ ಬೋರಿ ಕಾಡಿನಲ್ಲಿ ಬೆಂಕಿ ತಡೆಯುವ ವ್ಯವಸ್ಥಿತ ಕೆಲಸ ಆರಂಭವಾಗಿ, ಕಾಡೆಂದರೆ ಮರಮುಟ್ಟು, ಬೆಂಕಿಯೆಂದರೆ ನಷ್ಟ ಎಂಬ ಲೆಕ್ಕ ದೇಶದುದ್ದಕ್ಕೂ ಹಬ್ಬಿತು. ಕೋಲಾರ ಚಿನ್ನದ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬರುವವರೆಗೆ ಉಗಿಯಂತ್ರಗಳಿಗೆ ಸೌದೆ ಬೇಕಾಗಿದ್ದುದನ್ನು ನೆನೆದರೆ, ಆ ಲೆಕ್ಕದ ಬಲ ಅರ್ಥವಾಗುತ್ತದೆ. ಬೆಂಕಿಯನ್ನು ಪೂರ್ತಿ ತಡೆದ ಕಡೆ ದಟ್ಟ ಪೊದೆ ಬೆಳೆದು ತೇಗದ ಸಸಿ ಏಳುವುದಿಲ್ಲವೆಂದು ಬರ್ಮಾದ ಅರಣ್ಯಾಧಿಕಾರಿ ಸ್ಲೇಡ್ 1896ರಲ್ಲಿ ಬರೆದ ಲೇಖನ ವಾದವೆಬ್ಬಿಸಿತಾದರೂ, ಅದು ಕೂಡ ಮರದ ವಿಚಾರವೇ ಹೊರತು ಮಿಗದ ವಿಚಾರವಲ್ಲ.

ಮಿಗದ ವಿಚಾರ ಬೇಟೆಗಾರರಿಗೆ ಗೊತ್ತಿತ್ತು. ಸುಟ್ಟ ಇಳಿಜಾರಿನಲ್ಲಿ ಮೊದಲ ಮಳೆಗೆ ಏಳುವ ಚಿಗುರಿನಲ್ಲಿ ಬಲಿತ ಹುಲ್ಲಿಗಿಂತ ಪ್ರೋಟೀನ್ ಹೆಚ್ಚು, ನಾರು ಕಡಿಮೆ. ಆದ್ದರಿಂದ ಜಿಂಕೆ, ಕಡವೆ, ಕಾಟಿಗಳು ಅಲ್ಲಿ ನೆರೆಯುತ್ತವೆ, ಬಯಲಾದ ನೆಲದಲ್ಲಿ ಕಣ್ಣಿಗೂ ಬೀಳುತ್ತವೆ. ಲಾಭ ಕೆಲವೇ ವಾರಗಳದ್ದು. ಉರಿ ತಡವಾಗಿ ಎದ್ದರೆ ಸಸಿಗಳೂ ನೆಲಗೂಡಿನ ಮೊಟ್ಟೆಗಳೂ ಹೋಗುತ್ತವೆ. ಆದರೆ ಕೊಳ್ಳಿ ಹಿಡಿದವರು ದನಗಾಹಿಗಳು, ಕಾಡುವಾಸಿ ಸೋಲಿಗರು. ಕೋವಿ ಹಿಡಿದವರು ಅರಸರು, ಅಧಿಕಾರಿಗಳು, ಪರವಾನಗಿ ಪಡೆದ ಷಿಕಾರಿಗಳು. ಚಿಗುರಿನ ಫಲವುಂಡವರು ಕೊಳ್ಳಿಯವರ ಪರ ನಿಂತದ್ದು ವಿರಳ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿತು. 1974ರಲ್ಲಿ ಅಭಯಾರಣ್ಯವಾದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಬೇಟೆಯೊಂದಿಗೆ ಅವರ ತರಗುಬೆಂಕಿಯೂ, ಅಂದರೆ ಬೇಸಿಗೆಯ ಮೊದಲೇ ತರಗೆಲೆಗೆ ಇಡುತ್ತಿದ್ದ ತಗ್ಗು ಉರಿಯೂ, ನಿಂತಿತು. ಬೆಂಕಿ ನಿಂತ ಮೇಲೆ ಲಂಟಾನ ಎಂಬ ಕಳೆಪೊದೆ ಹಬ್ಬಿತು, ನೆಲ್ಲಿಮರವನ್ನು ಹೀರುವ ಉಪ್ಪಿಲು ಎಂಬ ಬಂದಳಿಕೆ ಹೆಚ್ಚಿತು ಎಂಬುದು ಸೋಲಿಗರ ವಿವರಣೆ. ಅಂಕಿಲಾ ಹಿರೇಮಠ ಮತ್ತು ಭರತ್ ಸುಂದರಂ ಅವರ ಅಧ್ಯಯನದಲ್ಲಿ 1997 ಮತ್ತು 2008ರ ನಡುವೆ ಅಲ್ಲಿ ಲಂಟಾನದ ಹರವು ಸುಮಾರು ಇಮ್ಮಡಿಯಾದದ್ದು ಕಂಡುಬಂತು. ಆದರೆ ಬಂಡೀಪುರಕ್ಕೆ ತಾಗಿದ ಮುದುಮಲೆಯಲ್ಲಿ ಕೋದಂಡಪಾಣಿ, ಸುಕುಮಾರ್ ಮೊದಲಾದವರು 2004ರಲ್ಲಿ ತೋರಿಸಿದ್ದು ಬೇರೆಯೇ: ಅಲ್ಲಿ ಬೆಂಕಿ ಇಪ್ಪತ್ತನೇ ಶತಮಾನದ ಆರಂಭಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚು ಬಾರಿ ಮರುಕಳಿಸುತ್ತಿತ್ತು. ಎರಡು ಫಲಿತಾಂಶಗಳು ಬೇರೆ ಬೇರೆ ಕಾಡಿನವಾದ್ದರಿಂದ ಪರಸ್ಪರ ವಿರುದ್ಧವಲ್ಲ. ಲಂಟಾನ ತುಂಬಿದ ಕಾಡಿನಲ್ಲಿ ತಗ್ಗು ಉರಿ ಪೊದೆಯೇರಿ ಮರದ ಕೊಂಬೆ ಮುಟ್ಟುವುದರಿಂದ ಹಳೆಯ ಕ್ರಮವನ್ನು ಇದ್ದಂತೆಯೇ ಮರಳಿ ತರಲಾಗದು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿದಾಗ ವಾಯುಪಡೆಯ ಹೆಲಿಕಾಪ್ಟರುಗಳೇ ನೀರು ಸುರಿಯಬೇಕಾಯಿತು.

ಬಂಗಾರಪೇಟೆ ತಾಲೂಕಿನ ಕಾಮಸಮುದ್ರದ ಕುರುಚಲು ಕಾಡಿಗೆ ಈ ವಾದಗಳನ್ನು ಹಾಗೆಯೇ ಒಯ್ಯುವುದು ಸರಿಯಲ್ಲ. ನೆರೆರಾಜ್ಯಗಳ ಕಾಡಿನಿಂದ ಆನೆಗಳು ದಾಟಿ ಬರುವ ಈ ನೆಲ ಒಣಸೀಮೆಯದು. ಬಿಳಿಗಿರಿಯ ಆಳೆತ್ತರದ ಹುಲ್ಲಾಗಲಿ ದಪ್ಪ ತರಗಾಗಲಿ ಇಲ್ಲಿಲ್ಲ, ದನ, ಮೇಕೆ ಮೇಯುವ ಕಡೆ ಸುಟ್ಟ ಗಿಡ ಮತ್ತೆ ಏಳುವುದು ನಿಧಾನ. ಇಂಥಲ್ಲಿ ಲಂಟಾನವನ್ನು ಮೊದಲು ಬುಡಸಮೇತ ಕಿತ್ತು, ನಾಡಹುಲ್ಲು ಮರಳಿದ ಮೇಲಷ್ಟೇ ಬೆಂಕಿಯ ಮಾತೆತ್ತುವುದು ಉಚಿತ.