ಶಿವಮೊಗ್ಗದ ಕಂಠ, ಭದ್ರಾವತಿಯ ಬಾನುಲಿ

ಭದ್ರಾವತಿಯಲ್ಲಿ ಆಕಾಶವಾಣಿ ನಿಲಯ ಶುರುವಾದದ್ದು 1965ರಲ್ಲಿ. ಅಲ್ಲಿಯವರೆಗೆ ಮಲೆನಾಡಿನ ರೇಡಿಯೋ ಪೆಟ್ಟಿಗೆಯ ಮುಳ್ಳು ಬೆಂಗಳೂರಿಗೋ ಸಿಲೋನಿಗೋ ತಿರುಗುತ್ತಿತ್ತು. ಆಮೇಲೆ ನಮ್ಮದೇ ಜಿಲ್ಲೆಯ ಮಾತು, ನಮ್ಮ ಪೇಟೆಯಲ್ಲಿ ಕಾಣಸಿಗುವವರ ಹಾಡು ಅಡಿಕೆ ಸುಲಿಯುವ ಜಗಲಿಗೂ ಕಾರ್ಖಾನೆ ಕ್ವಾರ್ಟರ್ಸಿನ ಅಡುಗೆಮನೆಗೂ ಬಂತು. ಸುಗಮ ಸಂಗೀತ ಅಥವಾ ಭಾವಗೀತೆ ಎಂದು ನಾವು ಕರೆಯುವ ಪ್ರಕಾರದ ಬೆಳವಣಿಗೆಯನ್ನು ಹೇಳಹೊರಟರೆ ಆ ಪೆಟ್ಟಿಗೆಯನ್ನು ಬಿಟ್ಟು ಹೇಳಲಾಗದು.

ಅದೇ ಕಾಲದ ಆಸುಪಾಸಿನಲ್ಲಿ ಅಮೆರಿಕದಲ್ಲಿ ರಾಕ್ ಅಂಡ್ ರೋಲ್ ಹುಟ್ಟಿ ಬೆಳೆದಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ನನಗೆ ಬಹುಕಾಲದ ಆಸೆ. ಕೇಳುವುದಕ್ಕೆ ಒಂದಕ್ಕೊಂದು ಸಂಬಂಧವಿಲ್ಲ; ಒಂದು ಕುಣಿಸುತ್ತದೆ, ಇನ್ನೊಂದು ಸುಮ್ಮನೆ ಕೂರಿಸುತ್ತದೆ. ಆದರೆ ಎರಡೂ ಹಳೆಯ ಹಾಡು ಹೊಸ ಯಂತ್ರಕ್ಕೆ ಸಿಕ್ಕಾಗ ಹುಟ್ಟಿದವು. ಎರಡಕ್ಕೂ ರಾಜಧಾನಿಗಿಂತ ಮಿಗಿಲಾಗಿ ಬೇರೆ ಊರುಗಳು ತೊಟ್ಟಿಲಾದವು.

ರಾಕ್ ಅಂಡ್ ರೋಲಿನ ಬೇರು ಕಪ್ಪು ಜನರ ಚರ್ಚಿನಲ್ಲಿದೆ, ಹತ್ತಿಹೊಲದ ಬ್ಲೂಸ್ ಹಾಡಿನಲ್ಲಿದೆ. ದಕ್ಷಿಣದ ಹೊಲಗಳಲ್ಲಿ ದುಡಿಯುತ್ತಿದ್ದವರು ಕೆಲಸ ಹುಡುಕಿಕೊಂಡು ಉತ್ತರದ ಕಾರ್ಖಾನೆ ಊರುಗಳಿಗೆ ಹೋದರು. ಮಡ್ಡಿ ವಾಟರ್ಸ್ 1943ರಲ್ಲಿ ಷಿಕಾಗೋ ಸೇರಿದ. ಅಲ್ಲಿನ ಹೆಂಡದಂಗಡಿಗಳ ಗದ್ದಲದಲ್ಲಿ ಬರಿಯ ಗಿಟಾರಿನ ದನಿ ಕೇಳಿಸದೆ ವಿದ್ಯುತ್ ಗಿಟಾರು ಹಿಡಿದ. ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬ ಹೆಣ್ಣುಮಗಳು ದೇವರ ಹಾಡನ್ನೇ ಅಂಥ ಗಿಟಾರಿನಲ್ಲಿ ನುಡಿಸಿ, ಚರ್ಚಿನ ಹೊಸಿಲು ದಾಟಿಸಿ, ರಾತ್ರಿ ಕ್ಲಬ್ಬುಗಳಿಗೂ ಒಯ್ದಳು. 1951ರಲ್ಲಿ ಮೆಂಫಿಸ್ ಊರಿನ ಸ್ಯಾಮ್ ಫಿಲಿಪ್ಸ್‌ನ ಪುಟ್ಟ ಸ್ಟುಡಿಯೋದಲ್ಲಿ ಐಕ್ ಟರ್ನರನ ತಂಡ 'ರಾಕೆಟ್ 88' ಧ್ವನಿಮುದ್ರಿಸಿತು. ದಾರಿಯಲ್ಲಿ ಹಾಳಾದ ಆಂಪ್ಲಿಫೈಯರಿಗೆ ಕಾಗದ ತುರುಕಿ ನುಡಿಸಿದ್ದರಿಂದ ಬಂದ ಆ ಒರಟು ದನಿಯೇ ಮುಂದೆ ಈ ಸಂಗೀತದ ಗುರುತಾಯಿತು. ಕ್ಲೀವ್‌ಲ್ಯಾಂಡಿನ ರೇಡಿಯೋ ನಿರೂಪಕ ಅಲನ್ ಫ್ರೀಡ್ 'ರಾಕ್ ಅಂಡ್ ರೋಲ್' ಎಂಬ ಹೆಸರನ್ನು ಮನೆಮಾತು ಮಾಡಿದ. 1954ರ ಜುಲೈಯಲ್ಲಿ ಮೆಂಫಿಸ್‌ನ ಅದೇ ಸ್ಟುಡಿಯೋದಲ್ಲಿ ಹತ್ತೊಂಬತ್ತರ ಹುಡುಗ ಎಲ್ವಿಸ್ ಪ್ರೀಸ್ಲಿ ಧ್ವನಿತಟ್ಟೆಯಾಗಿ ಹೊರಬಂದ ತನ್ನ ಮೊದಲ ಹಾಡನ್ನು ಹಾಡಿದ. ಸ್ಥಳೀಯ ರೇಡಿಯೋ ಅದನ್ನು ಒಂದೇ ರಾತ್ರಿ ಮತ್ತೆ ಮತ್ತೆ ಹಾಕಿತು. ಮುಂದಿನ ವರ್ಷ ಚಕ್ ಬೆರ್ರಿ, ಲಿಟಲ್ ರಿಚರ್ಡ್ ಬಂದರು.

ನಮ್ಮ ಕಡೆ ಆಗ ಏನಿತ್ತು? ರಾಕ್‌ನ ತಾಳ ಹಿಂದಿ ಸಿನಿಮಾದ ಬಾಗಿಲಿನಿಂದ ಒಳಬಂದಿತ್ತು, ಸಿ. ರಾಮಚಂದ್ರ 1957ರ 'ಆಶಾ' ಚಿತ್ರಕ್ಕೆ ಮಾಡಿದ 'ಈನಾ ಮೀನಾ ಡೀಕಾ' ಅದಕ್ಕೆ ಎಲ್ಲರೂ ಬಲ್ಲ ಸಾಕ್ಷಿ. ಆದರೆ ಸರ್ಕಾರಿ ರೇಡಿಯೋದ ದಾರಿ ಬೇರೆಯಿತ್ತು. 1952ರಲ್ಲಿ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಸಿನಿಮಾ ಹಾಡು ಆಕಾಶವಾಣಿಯಿಂದ ಹೊರಗುಳಿಯಿತು, ಕೇಳುಗರು ಸಿಲೋನಿಗೆ ತಿರುಗಿದರು. ಖಾಲಿಯಾದ ಜಾಗ ತುಂಬಲು ನಿಲಯಗಳು ಕವಿತೆಗಳಿಗೆ ರಾಗ ಕಟ್ಟಿಸತೊಡಗಿದವು. ಇಷ್ಟಾಗಿ, 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ಪ್ರವೇಶವಿರಲಿಲ್ಲ. ಆ ನಿಷೇಧ ಸಂಗೀತಕ್ಕೆ ಮಾಡಿದ ಅನ್ಯಾಯವೆಂದೇ ನಾನು ತಿಳಿದಿದ್ದೇನೆ. ಆದರೂ ಸಿನಿಮಾ ಹಾಡನ್ನು ದೂರವಿಟ್ಟ ಆ ಬಿಗಿತನದಿಂದಲೇ ಕನ್ನಡ ಕವಿತೆಗೆ ಒಂದು ನಿತ್ಯದ ವೇದಿಕೆ ದೊರೆಯಿತೆಂಬುದನ್ನೂ ಒಪ್ಪಬೇಕು.

ದಾರಿ ಮಾಡಿದವರು ಪಾಂಡೇಶ್ವರ ಕಾಳಿಂಗರಾಯರು. 1914ರಲ್ಲಿ ಕರಾವಳಿಯ ಆರೂರಿನಲ್ಲಿ ಹುಟ್ಟಿ, ರಂಗಭೂಮಿಯಲ್ಲಿ ಪಳಗಿದ ಅವರು ಮೋಹನಕುಮಾರಿ, ಸೋಹನಕುಮಾರಿಯರ ಜೊತೆಗೂಡಿ ಊರೂರು ಸುತ್ತಿ ನವೋದಯ ಕವಿಗಳ ಪದ್ಯಗಳನ್ನು ಹಾಡಿದರು. ಪುಸ್ತಕ ಕೊಳ್ಳದವರ ಬಾಯಿಗೂ ಬೇಂದ್ರೆ, ಕುವೆಂಪು ಬಂದರು. ಅವರ ಹಾದಿಯಲ್ಲಿ ಮುಂದೆ ಬಂದ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಮೂವರೂ ಈ ಪ್ರಕಾರಕ್ಕೆ ಮೂರು ಬಣ್ಣ ಕೊಟ್ಟರು.

ಸುಬ್ಬಣ್ಣನವರ ಹೆಸರಿಗೇ ಊರು ಅಂಟಿಕೊಂಡಿದೆ. ಹೊಸನಗರ ತಾಲ್ಲೂಕಿನ ನಗರದಲ್ಲಿ 1938ರಲ್ಲಿ ಹುಟ್ಟಿದ ಅವರು ಓದಿದ್ದು ಕಾನೂನು, ಹೊಟ್ಟೆಪಾಡಿಗೆ ಮಾಡಿದ್ದು ವಕೀಲಿಕೆ. 1963ರಿಂದ ಆಕಾಶವಾಣಿಯಲ್ಲಿ ಹಾಡಿದರು. ಅವರ ಕಂಠ ನಯವಾದದ್ದಲ್ಲ, ಎತ್ತರದಲ್ಲಿ ಬಿಚ್ಚಿಕೊಳ್ಳುವಂಥದ್ದು; ಬಯಲಲ್ಲಿ ಯಾರನ್ನೋ ಕೂಗಿ ಕರೆದ ಹಾಗೆ. ಚಂದ್ರಶೇಖರ ಕಂಬಾರರ 'ಕಾಡು ಕುದುರೆ' ಚಿತ್ರದ ಶೀರ್ಷಿಕೆ ಗೀತೆಗೆ ಆ ಕಂಠವೇ ಬೇಕಿತ್ತು. 26ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅದಕ್ಕೆ ಶ್ರೇಷ್ಠ ಹಿನ್ನೆಲೆ ಗಾಯಕ ಪ್ರಶಸ್ತಿ ಬಂತು, ಆ ವಿಭಾಗದಲ್ಲಿ ಅದನ್ನು ಪಡೆದ ಮೊದಲ ಕನ್ನಡಿಗ ಅವರೇ. ಮೈ ಮರೆತು ಓಡುವ ಆ ಹಾಡಿನಲ್ಲಿ ಜಾನಪದದ ಗತ್ತು ತುಂಬಿಕೊಂಡಿದೆ. ರಾಕ್ ಅಂಡ್ ರೋಲಿಗೆ ಅತಿ ಸಮೀಪ ಬಂದ ನಮ್ಮ ಹಾಡು ಯಾವುದೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಆ ಹೊತ್ತಿಗೆ ರೇಡಿಯೋದ ಜೊತೆಗೆ ಕ್ಯಾಸೆಟ್ಟೂ ಬಂದಿತ್ತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಅದನ್ನು ಎಣಿಸುತ್ತಾರೆ. ಭೂವಿಜ್ಞಾನದ ಮೇಷ್ಟ್ರಾಗಿದ್ದ ನಿಸಾರ್ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದವರು. ಆ ಶೀರ್ಷಿಕೆ ಗೀತೆಯ ಜೋಗವೂ ತುಂಗೆಯೂ ನಮ್ಮ ಜಿಲ್ಲೆಯವೇ.

ಅಶ್ವತ್ಥ್ ಮತ್ತು ಸುಬ್ಬಣ್ಣ ಕೂಡಿ ಜನರ ಬಳಿಗೆ ತಂದ ಶಿಶುನಾಳ ಶರೀಫರ ತತ್ವಪದಗಳು ಬೇರೆಯೇ ಅಧ್ಯಾಯ. ಶರೀಫರು ತೀರಿಕೊಂಡದ್ದು 1889ರಲ್ಲಿ. ಮುಂದೆ ದಶಕಗಳ ಕಾಲ ಆ ಪದಗಳನ್ನು ಉಳಿಸಿದವರು ಏಕತಾರಿ, ದಮ್ಮಡಿ ಹಿಡಿದ ಭಜನೆಯವರು. ಅವರಲ್ಲಿ ಹೆಚ್ಚಿನವರ ಹೆಸರು ಎಲ್ಲೂ ದಾಖಲಾಗಲಿಲ್ಲ. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬರುವ ಹೊತ್ತಿಗೆ ಅವು ಕಾಲೇಜು ಹುಡುಗರ ಬಾಯಲ್ಲಿದ್ದವು. ಥಾರ್ಪ್ ಚರ್ಚಿನ ಹಾಡಿಗೆ ಮಾಡಿದ್ದನ್ನೇ ಅಶ್ವತ್ಥ್, ಸುಬ್ಬಣ್ಣ ಮಠದ ಪದಕ್ಕೆ ಮಾಡಿದರು.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ, ನನಗೆ ಮುಖ್ಯವಾದ ಮಾತು ಇಲ್ಲಿಂದ ಶುರುವಾಗುತ್ತದೆ. ಎಲ್ವಿಸ್‌ನ ಆ ಮೊದಲ ಹಾಡನ್ನು ಬರೆದು 1946ರಲ್ಲೇ ಹಾಡಿದ್ದವನು ಆರ್ಥರ್ ಕ್ರೂಡಪ್ ಎಂಬ ಕಪ್ಪು ಗಾಯಕ. ಅವನಿಗೆ ಸಲ್ಲಬೇಕಾದ ಹಣ ಬದುಕಿರುವ ತನಕ ಪೂರ್ತಿಯಾಗಿ ಕೈಸೇರಲಿಲ್ಲ. ಬಿಗ್ ಮಾಮಾ ಥಾರ್ನ್‌ಟನ್ 1952ರಲ್ಲಿ ಹಾಡಿದ 'ಹೌಂಡ್ ಡಾಗ್' ಜಗತ್ತಿಗೆ ಗೊತ್ತಾದದ್ದು 1956ರಲ್ಲಿ, ಎಲ್ವಿಸ್‌ನ ಹಾಡಾಗಿ. ಹಾಡು ಗೆದ್ದಿತು, ಹಾಡಿನ ಹಿಂದಿನವರು ಮರೆಯಾದರು.

ಭದ್ರಾವತಿ ನಿಲಯದ ಉದ್ಘೋಷಕರಿಗೆ ಬೇರೆ ರೂಢಿಯಿತ್ತು. ಹಾಡಿನ ಜೊತೆ ರಚನೆ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಬಿಡಿಬಿಡಿಯಾಗಿ ಹೇಳುತ್ತಿದ್ದರು, ಕವಿಯ ಹೆಸರೇ ಮೊದಲು. ಶಿಕಾರಿಪುರದಲ್ಲಿ ಹುಟ್ಟಿದ ಜಿ.ಎಸ್. ಶಿವರುದ್ರಪ್ಪನವರು, ಕುಪ್ಪಳಿಯ ಕುವೆಂಪು, ಮೈಸೂರು ಮಲ್ಲಿಗೆಯ ಕೆ.ಎಸ್. ನರಸಿಂಹಸ್ವಾಮಿ ಹೀಗೇ ಓದು ಬಾರದವರಿಗೂ ಪರಿಚಿತರಾದರು. ಶರೀಫರಿಗೆ ಉದ್ಘೋಷಕರೂ ಬೇಕಿರಲಿಲ್ಲ; 'ಶಿಶುನಾಳಧೀಶ' ಎಂಬ ಅಂಕಿತ ಪದದೊಳಗೇ ಕೂತಿದೆ, ಯಾರು ಹಾಡಿದರೂ ಅದನ್ನು ನುಂಗಿಕೊಳ್ಳಲಾಗದು. ಹಿಂದೆ ಕೂತು ತಬಲ, ಪಿಟೀಲು, ಕೊಳಲು ನುಡಿಸಿದವರ ಹೆಸರು ಮಾತ್ರ ನಮ್ಮಲ್ಲೂ ಎಷ್ಟೋ ಸಲ ಬಿಟ್ಟುಹೋಗಿದೆ. ಹಳೆಯ ಕ್ಯಾಸೆಟ್ಟುಗಳ ಹೊದಿಕೆ ತಿರುವಿ ಹಾಕುವಾಗೆಲ್ಲ ಅದು ನನ್ನನ್ನು ಚುಚ್ಚುತ್ತದೆ.

ಸುಬ್ಬಣ್ಣನವರು 2022ರ ಆಗಸ್ಟ್ 11ರಂದು ತೀರಿಕೊಂಡರು. ಇಂದಿಗೂ ಶಿವಮೊಗ್ಗದ ಬಡಾವಣೆಗಳಲ್ಲಿ ಸಂಜೆ ಹೊತ್ತು ಸುಗಮ ಸಂಗೀತ ಕಲಿಯಲು ಹೋಗುವ ಮಕ್ಕಳು ನೋಟ್‌ಪುಸ್ತಕದಲ್ಲಿ ಹಾಡು ಬರೆದುಕೊಳ್ಳುವಾಗ ಪಲ್ಲವಿಗಿಂತ ಮೊದಲು ಮೇಲಿನ ಸಾಲಿನಲ್ಲಿ ಕವಿಯ ಹೆಸರು ಬರೆದು ಅಡಿಗೆರೆ ಎಳೆಯುತ್ತಾರೆ.