ಉಣ್ಣುವವರು, ಉಸಿರಾಡುವವರು

ಇಟಲಿ ದೇಶದ ಮೊದೇನಾ ನಗರದಲ್ಲಿ ಬರ್ನಾರ್ದಿನೊ ರಾಮಾಜ್ಜಿನಿ ಎಂಬ ವೈದ್ಯನಿದ್ದ. 1633ರಲ್ಲಿ ಹುಟ್ಟಿದವನು, 1714ರಲ್ಲಿ ಕಾಲವಾದ. ಒಮ್ಮೆ ಅವನ ಮನೆಯ ಮಲಗುಂಡಿಯನ್ನು ಬರಿದು ಮಾಡಲು ಆಳೊಬ್ಬ ಬಂದಿದ್ದನಂತೆ. ಆತ ತೀರ ಅವಸರದಿಂದ ಕೆಲಸ ಮಾಡುತ್ತಿದ್ದುದನ್ನು ಕಂಡು ವೈದ್ಯನಿಗೆ ಕನಿಕರವೂ ಕುತೂಹಲವೂ ಹುಟ್ಟಿದವು. ಇಷ್ಟೇಕೆ ಅವಸರ ಎಂದು ಕೇಳಿದ. ಒಳಗೆ ಹೆಚ್ಚು ಹೊತ್ತು ನಿಂತರೆ ಕಣ್ಣು ಹೋಗುತ್ತದೆ ಎಂದು ಆಳು ಉತ್ತರವಿತ್ತ. ಆ ಒಂದು ಉತ್ತರದಿಂದಲೇ ತನ್ನ ಗ್ರಂಥದ ಯೋಚನೆ ಮೊಳೆಯಿತೆಂದು ರಾಮಾಜ್ಜಿನಿ ಬರೆದುಕೊಂಡಿದ್ದಾನೆ. ಕಸುಬುದಾರರ ಕಾಯಿಲೆಗಳನ್ನು ಕುರಿತ ಆ ಲ್ಯಾಟಿನ್ ಗ್ರಂಥ 1700ರಲ್ಲಿ ಪ್ರಕಟವಾಯಿತು. ಅದರಲ್ಲಿ ಗಣಿಯವರು, ಕುಂಬಾರರು ಇರುವಂತೆಯೇ ಅನ್ನದ ಉದ್ಯೋಗದವರೂ ಇದ್ದಾರೆ: ಹಿಟ್ಟು ಬೀಸುವವರು, ರೊಟ್ಟಿ ಸುಡುವವರು, ಧಾನ್ಯವನ್ನು ಜರಡಿ ಹಿಡಿದು ಅಳೆಯುವವರು, ಎಣ್ಣೆ ತೆಗೆಯುವವರು. ರೋಗಿಯನ್ನು ಏನೇನು ಕೇಳಬೇಕೆಂದು ಹಿಪೊಕ್ರೆಟಿಸ್ ಹೇಳಿದ್ದ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಸೇರಿಸಿಕೊಳ್ಳಿರೆಂದು ರಾಮಾಜ್ಜಿನಿ ವೈದ್ಯರಿಗೆ ಸಲಹೆಯಿತ್ತ. ನಿನ್ನ ಕಸುಬು ಯಾವುದು ಎಂಬುದೇ ಆ ಪ್ರಶ್ನೆ.

ನಾನು ವೈದ್ಯನಲ್ಲ, ರಸಾಯನಶಾಸ್ತ್ರಜ್ಞನೂ ಅಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು. ಇಂಥ ವಿಷಯದಲ್ಲಿ ಬಾಯಿ ಹಾಕಲು ನನಗಿರುವ ಅಧಿಕಾರ ವ್ಯಾಕರಣದ್ದು ಮಾತ್ರ. ‘ನಿರಪಾಯ’ ಎಂಬ ಮಾತನ್ನು ನಾವು ಧಾರಾಳವಾಗಿ ಬಳಸುತ್ತೇವೆ. ಈ ಪದಾರ್ಥ ನಿರಪಾಯಕರ ಎಂದು ಪ್ರಮಾಣಪತ್ರ ಕೊಡುತ್ತೇವೆ. ಆ ವಾಕ್ಯದಲ್ಲಿ ಚತುರ್ಥೀ ವಿಭಕ್ತಿಯೇ ಇರುವುದಿಲ್ಲ. ಯಾರಿಗೆ ನಿರಪಾಯ? ಈ ‘ಗೆ’ಕಾರ ಬಿಟ್ಟುಹೋದುದರಿಂದ ನಮ್ಮ ಕಾಲದಲ್ಲೇ ಏನಾಯಿತೆಂಬುದನ್ನು ಇಂದು ಹೇಳಬೇಕೆಂದಿದ್ದೇನೆ.

ಹುಳಿಸಿದ ಕೆನೆಯನ್ನು ಕಡೆದಾಗ ಮೇಲೆ ತೇಲುವ ಬೆಣ್ಣೆಯ ಘಮವನ್ನು ಬಲ್ಲವರಿಗೆ ಡೈಅಸಿಟೈಲ್ ಎಂಬ ವಸ್ತುವಿನ ಪರಿಚಯವಾಗಿದೆ ಎಂದೇ ಹೇಳಬೇಕು, ಹೆಸರು ಕೇಳಿರದಿದ್ದರೂ. ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಉಂಟುಮಾಡುತ್ತವೆ. ಬೇರ್ಪಡಿಸಿ ತೆಗೆದರೆ ಅದು ಹಳದಿ-ಹಸಿರು ಬಣ್ಣದ ದ್ರವ. ನೀರಿಗಿಂತ ಕಡಮೆ ಕಾವಿನಲ್ಲಿ, 88 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದು ಆವಿಯಾಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಇದನ್ನು ಕಾರ್ಖಾನೆಗಳಲ್ಲಿ ತಯಾರಿಸಿ, ಬೆಣ್ಣೆಯೇ ಇಲ್ಲದ ತಿಂಡಿಗೆ ಬೆಣ್ಣೆಯ ಪರಿಮಳ ಕೊಡಲು ಬಳಸತೊಡಗಿದರು. ಅಮೆರಿಕದಲ್ಲಿ ಆಹಾರಕ್ಕೆ ಸೇರಿಸುವ ವಸ್ತುಗಳ ಬಗೆಗೆ 1958ರಲ್ಲಿ ಕಾನೂನಿನ ತಿದ್ದುಪಡಿಯಾಯಿತು. ‘ಸಾಮಾನ್ಯವಾಗಿ ನಿರಪಾಯಕರವೆಂದು ಒಪ್ಪಿತವಾದ’ ವಸ್ತುಗಳೆಂಬ ಒಂದು ವರ್ಗ ಏರ್ಪಟ್ಟಿತು. ಡೈಅಸಿಟೈಲ್ ಆ ವರ್ಗಕ್ಕೆ ಸೇರಿತು. ಆ ತೀರ್ಮಾನದಲ್ಲಿ ತಪ್ಪೇನೂ ಇರಲಿಲ್ಲ, ತಿನ್ನುವವನ ಹೊಟ್ಟೆಯ ಮಟ್ಟಿಗೆ. ಅದನ್ನು ಕೊಪ್ಪರಿಗೆಗೆ ಸುರಿಯುವವನ ಶ್ವಾಸಕೋಶದ ಪ್ರಶ್ನೆ ಆ ಪರಿಶೀಲನೆಯ ವ್ಯಾಪ್ತಿಗೇ ಬರಲಿಲ್ಲ.

ಮೊದಲ ಎಚ್ಚರಿಕೆ ಬಂದುದು 1985ರಲ್ಲಿ. ಇಂಡಿಯಾನಾ ರಾಜ್ಯದಲ್ಲಿ ಬೇಕರಿಗಳಿಗೆ ಬೇಕಾದ ಪರಿಮಳದ್ರವ್ಯಗಳನ್ನು ಬೆರೆಸುವ ಒಂದು ಕಾರ್ಖಾನೆಯ ಇಬ್ಬರು ತರುಣ ಕೆಲಸಗಾರರಿಗೆ ಉಸಿರಾಟ ತೀವ್ರವಾಗಿ ಕೆಟ್ಟಿತು. ಆಸ್ತಮಾ ಎನ್ನೋಣವೆಂದರೆ ಆಸ್ತಮಾದ ಔಷಧಿಗೆ ಅದು ಬಗ್ಗಲಿಲ್ಲ. ಔದ್ಯೋಗಿಕ ಆರೋಗ್ಯವನ್ನು ಶೋಧಿಸುವ ಅಮೆರಿಕದ ರಾಷ್ಟ್ರೀಯ ಸಂಸ್ಥೆಯವರು ಬಂದು ನೋಡಿದರು. ಬೆರಕೆಯ ಪದಾರ್ಥಗಳ ಪಟ್ಟಿಯಲ್ಲಿ ಡೈಅಸಿಟೈಲ್ ಇತ್ತು. ಹಿಟ್ಟು, ಮಸಾಲೆ ಮೊದಲಾಗಿ ಇನ್ನೂ ಅನೇಕವು ಇದ್ದವು. ಕಾಯಿಲೆ ಅಲ್ಲಿಯ ಕೆಲಸದಿಂದ ಬಂದಿರಬಹುದೆಂಬ ಗುಮಾನಿ ಅವರಿಗಿತ್ತು; ಯಾವ ಪದಾರ್ಥದಿಂದ ಎಂಬುದು ಹೊಳೆಯಲಿಲ್ಲ. ವರದಿ ಸಿದ್ಧವಾಯಿತು, ಕಪಾಟು ಸೇರಿತು. ಅವರನ್ನು ಹಳಿಯುವುದು ಸುಲಭ. ಆದರೆ ಇಬ್ಬರೇ ರೋಗಿಗಳಿರುವಾಗ ಕಾರಣವನ್ನು ಹಿಡಿದು ತೋರಿಸುವುದು ಎಷ್ಟು ಕಷ್ಟವೆಂಬುದನ್ನೂ ನೆನೆಯಬೇಕು.

ಹದಿನೈದು ವರ್ಷ ಕಳೆದು 2000ನೆಯ ಇಸವಿ ಮೇ ತಿಂಗಳಲ್ಲಿ ವೈದ್ಯರೊಬ್ಬರು ಮಿಸೌರಿ ರಾಜ್ಯದ ಆರೋಗ್ಯ ಇಲಾಖೆಗೆ ಒಂದು ಸಂಗತಿಯನ್ನು ತಿಳಿಸಿದರು. ಉಸಿರಾಟದ ಕಾಯಿಲೆಯಿಂದ ನರಳುತ್ತಿದ್ದ ಎಂಟು ಮಂದಿಯೂ ಹಿಂದೆ ಒಂದೇ ಕಾರ್ಖಾನೆಯಲ್ಲಿ ದುಡಿದವರು ಎಂಬುದು ಅದರ ಸಾರ. ಬೇರೆ ಬೇರೆ ಕಡೆ ಚಿಕಿತ್ಸೆ ಪಡೆಯುತ್ತಿದ್ದವರನ್ನು ಒಂದು ದಾರದಲ್ಲಿ ಪೋಣಿಸಿದ್ದು ರಾಮಾಜ್ಜಿನಿಯ ಅದೇ ಹಳೆಯ ಪ್ರಶ್ನೆ. ಅವರೆಲ್ಲ ಜಾಸ್ಪರ್ ಎಂಬ ಪುಟ್ಟ ಊರಿನಲ್ಲಿ, ಮನೆಯ ಮೈಕ್ರೊವೇವ್ ಒಲೆಯಲ್ಲಿ ಅರಳಿಸಿಕೊಳ್ಳುವ ಜೋಳದ ಪೊಟ್ಟಣಗಳನ್ನು, ಅಂದರೆ ಪಾಪ್‌ಕಾರ್ನನ್ನು, ತಯಾರಿಸುತ್ತಿದ್ದವರು. ಕೆಲವರ ಸ್ಥಿತಿ ಎಷ್ಟು ವಿಷಮಿಸಿತ್ತೆಂದರೆ, ಬೇರೊಬ್ಬರ ಶ್ವಾಸಕೋಶ ಸಿಕ್ಕೀತೆಂದು ಸರದಿಯಲ್ಲಿ ಕಾಯುತ್ತಿದ್ದರು.

ಈ ಕಾಯಿಲೆಗೆ ವೈದ್ಯರು ಬ್ರಾಂಕಿಯೊಲೈಟಿಸ್ ಆಬ್ಲಿಟರನ್ಸ್ ಎಂದು ಹೆಸರಿಟ್ಟಿದ್ದಾರೆ. ಶ್ವಾಸನಾಳವು ಮರದಂತೆ ಕವಲೊಡೆಯುತ್ತ ಹೋಗಿ ಕೊನೆಗೆ ಕೂದಲೆಳೆಯಷ್ಟು ಸಣ್ಣ ನಳಿಕೆಗಳಾಗುತ್ತದಲ್ಲವೆ, ಆ ನಳಿಕೆಗಳ ಒಳಪದರ ಸುಟ್ಟು, ಗಾಯ ಮಾಯುವಾಗ ಕಲೆಗಟ್ಟಿ, ದಾರಿಯೇ ಕಿರಿದಾಗುತ್ತದೆ ಅಥವಾ ಮುಚ್ಚಿಹೋಗುತ್ತದೆ. ಮುಚ್ಚಿದ್ದು ಮತ್ತೆ ತೆರೆಯದು. ಮೊದಲಿಗೆ ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಆಸ್ತಮಾ ಇರಬೇಕು, ಬೀಡಿ-ಸಿಗರೇಟಿನ ಫಲವಿರಬೇಕು ಎಂದುಕೊಳ್ಳುವುದರಲ್ಲೇ ಕಾಲ ಸರಿದುಹೋಗುತ್ತದೆ.

ಜಾಸ್ಪರಿನಲ್ಲಿ ನಡೆದ ಶೋಧನೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅಪಾಯವನ್ನು ಅಳೆಯುವುದೆಂದರೆ ಏನು ಎಂಬುದಕ್ಕೆ ಅದೊಂದು ಒಳ್ಳೆಯ ಪಾಠ. ಅಲ್ಲಿ ಸೋಯಾ ಎಣ್ಣೆಯನ್ನು ದೊಡ್ಡ ಕೊಪ್ಪರಿಗೆಯಲ್ಲಿ ಬಿಸಿ ಮಾಡಿ, ಉಪ್ಪು, ಬಣ್ಣ ಮತ್ತು ಬೆಣ್ಣೆಯ ಪರಿಮಳದ್ರವ್ಯವನ್ನು ಅದಕ್ಕೆ ಬೆರೆಸುತ್ತಿದ್ದರು. ಬೆರೆಸುವವನು ಮುಚ್ಚಳ ತೆಗೆದು ಬಕೆಟ್ಟಿನಿಂದ ದ್ರವವನ್ನು ಸುರಿಯಬೇಕು. ಆವಿ ನೇರವಾಗಿ ಮುಖಕ್ಕೆ ಬಡಿಯುತ್ತಿತ್ತು. 2000ನೆಯ ಇಸವಿ ನವೆಂಬರಿನಲ್ಲಿ ಕ್ಯಾಥ್ಲೀನ್ ಕ್ರೈಸ್ ಮತ್ತು ಅವರ ಸಹೋದ್ಯೋಗಿಗಳು ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿದರು. ಆಗ ಕೆಲಸದಲ್ಲಿದ್ದ 135 ಮಂದಿಯಲ್ಲಿ 117 ಜನರ ಉಸಿರನ್ನು ಯಂತ್ರದಲ್ಲಿ ಊದಿಸಿ ಪರೀಕ್ಷಿಸಿದರು. ಜೊತೆಗೆ ಕಾರ್ಖಾನೆಯ ಮೂಲೆಮೂಲೆಯ ಗಾಳಿಯನ್ನು ಹಿಡಿದು ತೂಗಿದರು. ಶ್ವಾಸಮಾರ್ಗದ ಅಡಚಣೆ ಸಾಮಾನ್ಯ ಜನರಲ್ಲಿ ನಿರೀಕ್ಷಿಸಬಹುದಾದ ಪ್ರಮಾಣದ 3.3ರಷ್ಟಿತ್ತು. ಹೊಗೆಬತ್ತಿಯನ್ನು ಎಂದೂ ಮುಟ್ಟದವರಲ್ಲಿ ಅದು 10.8ರಷ್ಟು! ಸಿಗರೇಟಿನ ಮೇಲೆ ಹೊರಿಸುತ್ತಿದ್ದ ಅಪವಾದ ಅಲ್ಲಿಗೆ ಮುಗಿಯಿತು.

ಗಾಳಿಯ ಲೆಕ್ಕವೂ ಅದನ್ನೇ ಹೇಳಿತು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಡೈಅಸಿಟೈಲ್ ಬೆರೆಸುವ ಕೋಣೆಯಲ್ಲಿ ಸರಾಸರಿ 18 ಪಾಲು, ಪೊಟ್ಟಣ ಕಟ್ಟುವಲ್ಲಿ 1.3 ಪಾಲು, ಉಳಿದೆಡೆ 0.02 ಪಾಲು. ಹೆಚ್ಚು ಉಸಿರಾಡಿದವರಿಗೆ ಹೆಚ್ಚು ಹಾನಿ. ನನ್ನ ಮನಸ್ಸನ್ನು ಕಲಕಿದ್ದು ಬೇರೊಂದು ವಿವರ. ಗುಣಪರೀಕ್ಷೆಯ ಕೋಣೆಯಲ್ಲಿ ಆರು ಮಂದಿ ಇದ್ದರು. ಅವರು ಕೊಪ್ಪರಿಗೆಯ ಬಳಿಗೆ ಹೋಗುವವರಲ್ಲ. ಗಿರಾಕಿಗೆ ಒಳ್ಳೆಯ ಮಾಲು ಹೋಗಲೆಂದು ದಿನಕ್ಕೆ ತಲೆಗೆ ನೂರರಷ್ಟು ಪೊಟ್ಟಣಗಳನ್ನು ಅರಳಿಸಿ, ಬಿಚ್ಚಿ ನೋಡುವುದು ಅವರ ಕೆಲಸ. ಆರರಲ್ಲಿ ಐವರ ಶ್ವಾಸಮಾರ್ಗ ಕಟ್ಟಿಕೊಂಡಿತ್ತು. ತಿನ್ನುವವರ ಕ್ಷೇಮಕ್ಕಾಗಿ ಏರ್ಪಟ್ಟ ಕೋಣೆ ಅದು.

ಈ ಶೋಧನೆ 2002ರಲ್ಲಿ ಪ್ರಕಟವಾಯಿತು. ಕಾರಣ ಗೊತ್ತಾದ ಮೇಲೆ ಪರಿಹಾರ ಕಷ್ಟದ್ದೇನೂ ಆಗಿರಲಿಲ್ಲ ಎಂಬುದು ಮತ್ತೂ ವ್ಯಥೆಯ ಸಂಗತಿ. ಬೆರೆಸುವವರಿಗೆ ತಕ್ಷಣ ಆವಿಯನ್ನು ಸೋಸುವ ಮುಖಕವಚ ಕೊಡಿಸಿದರು. ಬಳಿಕ ಕೊಪ್ಪರಿಗೆಯ ಕೋಣೆಯನ್ನು ಬೇರೆ ಮಾಡಿ ಗಾಳಿಯನ್ನು ಹೊರಕ್ಕೆ ಎಳೆಯುವ ಏರ್ಪಾಡಾಯಿತು. 2003ರ ವರೆಗೆ ಮತ್ತೆ ಮತ್ತೆ ಅಳೆದಾಗ ಆವಿಯ ಪ್ರಮಾಣ ಹತ್ತರಲ್ಲೊಂದು, ನೂರರಲ್ಲೊಂದು, ಕೆಲವು ಕಡೆ ಅದಕ್ಕೂ ಕಡಮೆಯಾಗಿತ್ತು. ಈ ವಿದ್ಯೆಯ ಪಂಡಿತರು ಹೇಳುವ ಕ್ರಮವೂ ಹೀಗೇ: ಮೊದಲು ವಸ್ತುವನ್ನೇ ಬಿಡಬಹುದೇ ನೋಡು, ಆಗದಿದ್ದರೆ ಪಾತ್ರೆಯನ್ನು ಮುಚ್ಚು, ಅದೂ ಸಾಲದಿದ್ದರೆ ಆವಿಯನ್ನು ಹುಟ್ಟಿದಲ್ಲೇ ಸೆಳೆದುಹಾಕು, ಮುಖಕವಚ ಎಲ್ಲಕ್ಕೂ ಕೊನೆಯದು. ಲೋಕದಲ್ಲಿ ನಡೆಯುವುದು ಸಾಮಾನ್ಯವಾಗಿ ತಲೆಕೆಳಗು. ಒಂದು ತುಂಡು ಬಟ್ಟೆ ಕೊಟ್ಟು ಮೂಗಿಗೆ ಕಟ್ಟಿಕೋ ಎನ್ನುವುದರಿಂದಲೇ ನಾವು ಆರಂಭಿಸುತ್ತೇವೆ, ಅಲ್ಲಿಗೇ ಮುಗಿಸುತ್ತೇವೆ. ಬಟ್ಟೆಗೆ ಹಿಟ್ಟು ಒಂದಿಷ್ಟು ತಡೆದೀತು, ಆವಿ ತಡೆಯದು.

ವಸ್ತುವನ್ನೇ ಬಿಡುವ ದಾರಿಯಲ್ಲೂ ಹಳ್ಳಗಳಿವೆ. 2007ರ ಸುಮಾರಿಗೆ ಅಮೆರಿಕದ ದೊಡ್ಡ ತಯಾರಕರು ಡೈಅಸಿಟೈಲನ್ನು ಕೈಬಿಡುವುದಾಗಿ ಸಾರಿದರು. ಅದರ ಜಾಗಕ್ಕೆ ಹಲವೆಡೆ ಬಂದದ್ದು ಪೆಂಟೇನ್‌ಡೈಓನ್ ಎಂಬ ಅದರ ಹತ್ತಿರದ ದಾಯಾದಿ. ಇಲಿಗಳ ಮೇಲೆ ಪ್ರಯೋಗ ಮಾಡಿ ನೋಡಿದರೆ ಅದೂ ಶ್ವಾಸನಾಳವನ್ನು ಅದೇ ರೀತಿ ಸುಡುತ್ತಿತ್ತು. 2016ರಲ್ಲಿ ಆ ರಾಷ್ಟ್ರೀಯ ಸಂಸ್ಥೆ ಎರಡಕ್ಕೂ ಮಿತಿಯನ್ನು ಸೂಚಿಸಿತು. ಡೈಅಸಿಟೈಲಿಗೆ ನೂರು ಕೋಟಿ ಪಾಲು ಗಾಳಿಯಲ್ಲಿ 5 ಪಾಲು. ಜಾಸ್ಪರಿನ ಬೆರೆಸುವ ಕೋಣೆಯ ಗಾಳಿ ಇದರ 3,600 ಪಟ್ಟಿತ್ತೆಂದು ಗುಣಿಸಿ ನೋಡಿದಾಗ ನಾನು ಲೆಕ್ಕ ತಪ್ಪಿರಬೇಕೆಂದು ಇನ್ನೊಮ್ಮೆ ಹಾಕಿದೆ. ತಪ್ಪಿರಲಿಲ್ಲ.

ನಮ್ಮಲ್ಲಿ ಹೇಗೆ? ಮಂಗಳೂರಿನ ಕಡೆಯ ಗೇರುಬೀಜದ ಕಾರ್ಖಾನೆಗಳನ್ನು ಕಂಡವರಿಗೆ ಅಪಾಯದ ಇನ್ನೊಂದು ಮುಖದ ಪರಿಚಯವಿರುತ್ತದೆ. ಗೇರುಬೀಜದ ಓಡಿನೊಳಗೆ ಚರ್ಮವನ್ನು ಸುಡುವ ಎಣ್ಣೆಯಿದೆ. ಗೇರುಮರವೂ ಮಾವೂ ಒಂದೇ ಕುಟುಂಬದವು. ಮಾವಿನ ಸೊನೆ ತುಟಿಗೆ ತಾಗಿದರೆ ಏನಾಗುತ್ತದೆಂದು ಎಲ್ಲ ಮಕ್ಕಳೂ ಬಲ್ಲರು. ಓಡು ಒಡೆಯುವ ಹೆಂಗಸರು ಕೈಗೆ ಎಣ್ಣೆಯನ್ನೋ ಬೂದಿಯನ್ನೋ ಹಚ್ಚಿಕೊಂಡು ಕುಳಿತುಕೊಳ್ಳುತ್ತಿದ್ದರು. ಅಲ್ಲಿ ಯಾವ ಪಂಡಿತನೂ ಬಂದು ಅಳೆಯಬೇಕಾಗಿರಲಿಲ್ಲ, ಕಪ್ಪಾಗಿ ಸುಲಿದ ಬೆರಳುಗಳೇ ಸಾಕ್ಷಿ ನುಡಿಯುತ್ತಿದ್ದವು. ಶ್ವಾಸಕೋಶಕ್ಕೆ ಆ ಸೌಲಭ್ಯವಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1948ರ ಕಾರ್ಖಾನೆಗಳ ಕಾಯ್ದೆಗೆ, ಭೋಪಾಲದ 1984ರ ದುರಂತದ ತರುವಾಯ, 1987ರಲ್ಲಿ ಹೊಸ ಅಧ್ಯಾಯವೊಂದು ಸೇರಿತು. ಅಪಾಯಕರ ಪದಾರ್ಥಗಳ ವಿಚಾರವನ್ನು ಕೆಲಸಗಾರನಿಗೆ ತಿಳಿಸಬೇಕು, ಸನ್ನಿಹಿತವಾದ ಅಪಾಯವನ್ನು ಕಂಡರೆ ಎಚ್ಚರಿಸುವ ಹಕ್ಕು ಅವನದು, ಇಂತಿಂಥ ವಸ್ತು ಗಾಳಿಯಲ್ಲಿ ಇಷ್ಟನ್ನು ಮೀರಬಾರದು ಎಂದೆಲ್ಲ ಅದರಲ್ಲಿತ್ತು. ಮಂಜುಗಡ್ಡೆ ಮತ್ತು ಶೀತಲಗೃಹಗಳಲ್ಲಿ ಬಳಸುವ ಅಮೋನಿಯಾಕ್ಕೆ ಹತ್ತು ಲಕ್ಷಕ್ಕೆ 25 ಪಾಲು ಎಂದು ಮಿತಿಯಿಟ್ಟಿದ್ದರು. ಬೆಣ್ಣೆಯ ಪರಿಮಳ ಆ ಪಟ್ಟಿಯಲ್ಲಿರಲಿಲ್ಲ. ಇರುವುದಾದರೂ ಹೇಗೆ? 1987ರಲ್ಲಿ ಇಂಡಿಯಾನಾದ ವರದಿಯೇ ಕಪಾಟಿನಲ್ಲಿ ಮಲಗಿತ್ತು. ಪಟ್ಟಿಯಲ್ಲಿ ಹೆಸರಿಲ್ಲವೆಂಬುದು ಅಪಾಯವಿಲ್ಲ ಎಂಬುದಕ್ಕೆ ಆಧಾರವಲ್ಲ. ಆದರೆ ಅದನ್ನೇ ಆಧಾರವೆಂದು ನಂಬಿ ಕೆಲಸ ನಡೆಯುತ್ತದೆ.

ಕಡೆಯದಾಗಿ ನಮ್ಮ ನಾಡಿಗೆ ತೀರ ಹತ್ತಿರದ ಒಂದು ಸಂಗತಿ. 2013ರಲ್ಲಿ ಟೆಕ್ಸಾಸಿನ ಒಂದು ಕಾಫಿ ಕಾರ್ಖಾನೆಯಲ್ಲಿ ದುಡಿದಿದ್ದವರಲ್ಲಿಯೂ ಇದೇ ಕಾಯಿಲೆ ಕಂಡುಬಂದ ವರದಿ ಪ್ರಕಟವಾಯಿತು. ಅಲ್ಲಿ ಕಾಫಿಗೆ ಕೃತಕ ಪರಿಮಳ ಬೆರೆಸುತ್ತಿದ್ದರು. ಮುಂದೆ ಇತರ ಕಾಫಿ ಕಾರ್ಖಾನೆಗಳ ಗಾಳಿಯನ್ನು ಅಳೆದಾಗ, ಏನನ್ನೂ ಬೆರೆಸದ ಬರಿಯ ಕಾಫಿಬೀಜವನ್ನು ಹುರಿದಾಗಲೂ ಡೈಅಸಿಟೈಲ್ ತಾನಾಗಿ ಹುಟ್ಟುತ್ತದೆಂದೂ, ಹುರಿದುದನ್ನು ಬೀಸುವಾಗ ಅದು ಹೊರಬೀಳುತ್ತದೆಂದೂ ತಿಳಿಯಿತು. ಕುಡಿಯುವವರು ಗಾಬರಿಯಾಗಬೇಕಿಲ್ಲ. ನಾನಂತೂ ದಿನಕ್ಕೆ ಎರಡು ಲೋಟ ಬಿಟ್ಟಿಲ್ಲ.

ಇದನ್ನು ಓದಿದ ಮೇಲೆ, ನಾನು ಎಷ್ಟೋ ವರ್ಷಗಳಿಂದ ಪುಡಿ ಕೊಳ್ಳುವ ಅಂಗಡಿಗೆ ಹೋದಾಗ ಬೀಸುವ ಯಂತ್ರದ ಬಳಿ ನಿಂತಿರುವವನನ್ನು ಮೊದಲ ಬಾರಿಗೆ ಮಾತನಾಡಿಸಿದೆ. “ಎಷ್ಟು ವರ್ಷವಾಯಿತಪ್ಪ ಈ ಕೆಲಸಕ್ಕೆ?” “ಇಪ್ಪತ್ತೆರಡು ವರ್ಷ ಸಾರ್. ಗಿರಾಕಿಗಳೆಲ್ಲ ಏನು ಘಮ ಅಂತಾರೆ, ನನಗೆ ವಾಸನೆಯೇ ತಿಳಿಯೋದಿಲ್ಲ ಈಗ.” ಕೆಮ್ಮು ಬರುತ್ತದೆಯೇ ಎಂದೆ, ಇಲ್ಲ ಎಂದ. ನನಗೆ ಸಮಾಧಾನವಾಯಿತು. ತಲೆಯೆತ್ತಿ ನೋಡಿದೆ. ಹುರಿಯುವ ಯಂತ್ರದ ಮೇಲೆ, ಅಲ್ಲಿ ಹೊಗೆ ಕಣ್ಣಿಗೆ ಕಾಣುವುದರಿಂದ, ಹೊರಕ್ಕೆ ಹೋಗುವ ತಗಡಿನ ಕೊಳವೆ ಇತ್ತು. ಬೀಸುವ ಯಂತ್ರದ ಮೇಲೆ ಇರಲಿಲ್ಲ. ಕೊಳವೆಯನ್ನು ಇತ್ತ ಒಂದು ಕವಲು ತಿರುಗಿಸಿದರೆ ಎಷ್ಟು ಖರ್ಚಾದೀತೆಂದು ಮಾಲೀಕರನ್ನು ಕೇಳಿದೆ. ಅವರು ನಕ್ಕು, “ಯಾಕೆ ಮೇಷ್ಟ್ರೇ?” ಎಂದರು. ಗಲ್ಲೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಅವರಿಗೆ ಜಾಸ್ಪರಿನ ಕಥೆಯನ್ನು ಹೇಳತೊಡಗಿದೆ.