ಟ್ರ್ಯಾಪ್
ದಖ್ಖನ್ ಪ್ರಸ್ಥಭೂಮಿಯ ಲಾವಾ ಕಲ್ಲಿನ ಹಾಸಿಗೆ ‘ಡೆಕ್ಕನ್ ಟ್ರ್ಯಾಪ್’ ಎಂದು ಹೆಸರು. ಅದರಲ್ಲಿರುವ ಟ್ರ್ಯಾಪ್ ಬಲೆಯೂ ಅಲ್ಲ, ಬೋನೂ ಅಲ್ಲ. ಅದರ ಮೂಲ ಸ್ವೀಡಿಷ್ ಭಾಷೆಯ ‘ಟ್ರಾಪ್ಪಾ’, ಅಂದರೆ ಮೆಟ್ಟಿಲು. ನಾವು ‘ಮೆಟ್ಟಿಲುಗಲ್ಲು’ ಎಂದರೆ ಹೆಸರಲ್ಲೇ ಆಕಾರ ಕಾಣುತ್ತದೆ. ಪಠ್ಯಪುಸ್ತಕಗಳಲ್ಲಿ ಹಾಗೆ ಬರೆಯಬೇಕೆಂಬುದು ನನ್ನ ಆಸೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಈ ಪ್ರಸ್ಥಭೂಮಿಯಲ್ಲಿ ಲಾವಾ ಹೆಚ್ಚಾಗಿ ಹೊಮ್ಮಿದ್ದು ಬೆಟ್ಟದ ಬಾಯಿಂದಲ್ಲ, ನೆಲದ ಉದ್ದುದ್ದ ಬಿರುಕುಗಳಿಂದ. ನೀರಾಗಿ ಹರಿಯುವ ಬಸಾಲ್ಟ್ ಲಾವಾ ದೂರದೂರಕ್ಕೆ ಹಾಸಿಕೊಂಡಿತು. ಒಂದು ಹಾಸು ಆರಿದ ಮೇಲೆ ಮತ್ತೊಂದು. ಆಮೇಲೆ ಮಳೆಗಾಳಿಗೆ ಮೆತ್ತನೆಯ ಪದರ ಸವೆದು, ಗಟ್ಟಿಯದು ಉಳಿದು, ಬೆಟ್ಟದ ಪಕ್ಕೆಗಳಲ್ಲಿ ಮೆಟ್ಟಿಲು ಮೂಡಿತು. ಮಹಾಬಲೇಶ್ವರದ ಕಣಿವೆಗಳಲ್ಲಿ ಅದನ್ನು ಕಣ್ಣಾರೆ ಕಾಣಬಹುದು.

ಈ ಹಾಸು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹಬ್ಬಿದೆ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ಗಳನ್ನೂ ಮುಟ್ಟಿದೆ. ಅಲ್ಲಿ ಬಿಳಿಜೋಳ, ತೊಗರಿ ಬೆಳೆಯುವ ಎರೆಮಣ್ಣು ಬಹುಪಾಲು ಈ ಕಲ್ಲೇ ಶಿಥಿಲಗೊಂಡು ಆದದ್ದು.